ವಿಮಾನಶಿಲ್ಪಿ ಡಾ. ವಿ. ಎಂ. ಘಾಟಗೆ

ವೈಟ್‌ಫೀಲ್ಡಿನಿಂದ ನಗರಕ್ಕೆ ಹೋಗುವಾಗ ಎಚ್.ಎ.ಎಲ್. ಕಾರ್ಖಾನೆಯನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ದುಡಿದ ಡಾ. ವಿಷ್ಣು ಮಾಧವ ಘಾಟಗೆಯವರನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

1908ರಲ್ಲಿ ಕೊಲ್ಹಾಪುರ ಸೀಮೆಯಲ್ಲಿ ಜನಿಸಿದ ಇವರು ಜರ್ಮನಿಯಲ್ಲಿ ಪ್ರಾಂಟ್ಲ್ ಎಂಬ ಮಹಾವಿಜ್ಞಾನಿಯ ಶಿಷ್ಯರಾಗಿ ಡಾಕ್ಟರೇಟ್ ಪಡೆದರು. 1940ರಲ್ಲಿ ಸ್ಥಾಪಿತವಾದ ಈ ಕಾರ್ಖಾನೆಯಲ್ಲಿ ಮೊದಲಿಗೆ ಪರದೇಶದ ವಿಮಾನಗಳ ಜೋಡಣೆ, ದುರಸ್ತಿಗಳೇ ಪ್ರಧಾನವಾಗಿದ್ದುವು. ನಮ್ಮವರೂ ವಿಮಾನವನ್ನು ರಚಿಸಬಲ್ಲರೆಂಬುದನ್ನು ಘಾಟಗೆಯವರ ಎಚ್.ಟಿ.-2 1951ರಲ್ಲಿ ಹಾರಿ ತೋರಿಸಿತು. 1958ರಲ್ಲಿ ಫ್ಲೈಯಿಂಗ್ ಕ್ಲಬ್ಬುಗಳಿಗೆಂದು ಪುಷ್ಪಕ್ ಬಂದಿತು.

ಪುಷ್ಪಕವನ್ನೇ ಹಿಗ್ಗಿಸಿ ರೂಪಿಸಿದ ಕೃಷಕ್ 1959ರಲ್ಲಿ ಹಾರಿತಾದರೂ ಕೊಳ್ಳುವವರಿಲ್ಲದೆ ಮೂಲೆ ಸೇರುವ ಸ್ಥಿತಿಯಲ್ಲಿತ್ತು. ಆಗ ಭೂಸೇನೆಗೆ ಒಂದು ಪುಟ್ಟ ವಿಮಾನ ಬೇಕಾಯಿತು. ಅದು ನೆಲದ ಚಿಕ್ಕ ಪಟ್ಟಿಯಿಂದಲೇ ಏರಿಳಿಯಬೇಕು, ಫಿರಂಗಿಗಳ ಗುರಿಯನ್ನು ಮೇಲಿನಿಂದ ನೋಡಿ ತಿಳಿಸಬೇಕು. ಕೃಷಕದ ರೆಕ್ಕೆ ತಲೆಯ ಮೇಲಿದ್ದುದರಿಂದ ಕೆಳಗಿನ ನೆಲ ಮರೆಯಾಗುತ್ತಿರಲಿಲ್ಲ. ಗಾಲಿಗಳು ಒಳಗೆ ಮಡಚಿಕೊಳ್ಳದೆ ಗಟ್ಟಿಯಾಗಿ ನಿಂತಿದ್ದುವು. ಹೀಗೆ ಅದು ಸೇನೆಯ ಪಾಲಾಗಿ 1970ರ ದಶಕದಲ್ಲೂ ಸೇವೆಯಲ್ಲಿತ್ತು. ರೈತನ ಹೆಸರನ್ನು ಹೊತ್ತ ವಿಮಾನ ಸೈನಿಕನಾದುದು ನಮಗಂತೂ ಸೋಜಿಗವೇ!

ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1942ರಲ್ಲಿ ಆರಂಭವಾದ ವಿಮಾನಶಾಸ್ತ್ರ ವಿಭಾಗದಲ್ಲಿಯೂ ಇವರು ಪಾಠ ಹೇಳಿದರು. 1965ರಲ್ಲಿ ಪದ್ಮಶ್ರೀ ಪಡೆದ ಘಾಟಗೆಯವರು 1991ರಲ್ಲಿ ದಿವಂಗತರಾದರು.