ದೃಷ್ಟಿದಾನಿ ಡಾ. ಎಂ. ಸಿ. ಮೋದಿ: ಸಂಕ್ಷಿಪ್ತ ಜೀವನ ಪರಿಚಯ

ಕಣ್ಣಿನ ಚಿಕಿತ್ಸೆಯ ಸೌಲಭ್ಯ ಕೋರಿ ಅರ್ಜಿ ಸಲ್ಲಿಸುವ ಧಾರವಾಡ ತಾಲ್ಲೂಕಿನ ಅಮ್ಮಿನಬಾವಿ ಹಾಗೂ ಸುತ್ತಮುತ್ತಲಿನ ಗ್ರಾಮಗಳ ಸಾರ್ವಜನಿಕರ ತಿಳುವಳಿಕೆಗಾಗಿ, ನಾಡಿನ ಹೆಸರಾಂತ ನೇತ್ರತಜ್ಞ ದಿವಂಗತ ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ ಅವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಮೋದಿಯವರು ಅಂದಿನ ವಿಜಾಪುರ ಜಿಲ್ಲೆಗೆ ಸೇರಿದ್ದ, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಬೀಳಗಿಯವರು. ಮೋತಿಬಿಂದುವಿನಿಂದ ದೃಷ್ಟಿ ಕಳೆದುಕೊಂಡ ಹಳ್ಳಿಯ ವೃದ್ಧರು ದೂರದ ಪಟ್ಟಣಕ್ಕೆ ಹೋಗಲಾರದೆ ಮನೆಯ ಮೂಲೆ ಹಿಡಿಯುತ್ತಿದ್ದ ಕಾಲವದು. ರೋಗಿಯು ಆಸ್ಪತ್ರೆಗೆ ಬರಲಾಗದಿದ್ದಲ್ಲಿ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಬೇಕೆಂಬ ನಿಲುವು ತಳೆದ ಅವರು, 1940ರ ದಶಕದಿಂದ ಊರೂರು ಸಂಚರಿಸಿ ಉಚಿತ ನೇತ್ರ ಶಿಬಿರಗಳನ್ನು ನಡೆಸಿದರು. ಶಿಬಿರಗಳಲ್ಲಿ ರೋಗಿಗಳನ್ನು ಸಾಲಾಗಿ ಮಲಗಿಸಿ, ಸಹಾಯಕರ ನೆರವಿನಿಂದ ಒಬ್ಬರ ನಂತರ ಒಬ್ಬರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆಗಳನ್ನು ನೆರವೇರಿಸಿದ ಅವರ ಸಾಧನೆಯು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ. ಭಾರತ ಸರ್ಕಾರವು ಅವರಿಗೆ 1956ರಲ್ಲಿ ಪದ್ಮಶ್ರೀ ಹಾಗೂ 1968ರಲ್ಲಿ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು. ಅವರು 2005ರ ನವೆಂಬರ್ 11ರಂದು ನಿಧನರಾದರು.

ಅವರ ಕಾಲದ ಶಿಬಿರಗಳಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದ ಮೇಲೆ ರೋಗಿಯು ಜೀವನಪರ್ಯಂತ ದಪ್ಪ ಗಾಜಿನ ಕನ್ನಡಕ ಧರಿಸಬೇಕಾಗುತ್ತಿತ್ತು. ಈಗ ಅದೇ ಸ್ಥಳದಲ್ಲಿ ಕೃತಕ ಮಸೂರವನ್ನು ಅಳವಡಿಸಲಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆಯು ಪ್ರಚಾರಕ್ಕೆ ಬಂದಿದ್ದು, ಮೋತಿಬಿಂದುವೂ ಅದರಿಂದಲೇ ಗುಣವಾಗುತ್ತದೆಂದು ಭಾವಿಸಿ ಕಾಯುತ್ತ ಕೂರುವುದು ಸರಿಯಲ್ಲ. ಸಾರ್ವಜನಿಕರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ಲ್ಯಾಸಿಕ್, ಪಿಆರ್‌ಕೆ ಹಾಗೂ ಸ್ಮೈಲ್ ವಿಧಾನಗಳಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ಆಕಾರವನ್ನು ಲೇಸರ್ ಕಿರಣದಿಂದ ತಿದ್ದಿ, ಕನ್ನಡಕದ ನಂಬರನ್ನು ಕಡಿಮೆ ಮಾಡಲಾಗುತ್ತದೆ. ಮೋತಿಬಿಂದು ಇರುವುದು ಅದರ ಹಿಂದಿನ ಮಸೂರದಲ್ಲಿ. ಆದ್ದರಿಂದ ಈ ವಿಧಾನಗಳಿಂದ ಅದು ಹೋಗುವುದಿಲ್ಲ.

2. 18 ವರ್ಷ ತುಂಬಿರದವರಿಗೆ, ನಂಬರು ಇನ್ನೂ ಬದಲಾಗುತ್ತಿರುವವರಿಗೆ, ಪಟಲವು ತೆಳುವಾಗಿರುವವರಿಗೆ ಹಾಗೂ ಗರ್ಭಿಣಿಯರಿಗೆ ಲೇಸರ್ ಚಿಕಿತ್ಸೆ ಸೂಕ್ತವಲ್ಲ. ಕಣ್ಣು ಒಣಗುವುದು, ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣುವುದು ಮುಂತಾದ ತೊಂದರೆಗಳು ಉಂಟಾಗಬಹುದು.

3. ಯೌವನದಲ್ಲಿ ಲೇಸರ್ ಮಾಡಿಸಿಕೊಂಡವರಿಗೂ ನಲವತ್ತರ ನಂತರ ಓದಲು ಚಾಳೀಸು ಬೇಕಾಗಬಹುದು.

1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಮೋತಿಬಿಂದು ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡಲಾಗುತ್ತದೆ. ಮನೆಯಲ್ಲಿ ಹಿರಿಯರ ದೃಷ್ಟಿ ಮಂಜಾಗುತ್ತಿದ್ದಲ್ಲಿ ವಯಸ್ಸಾಯಿತೆಂದು ಸುಮ್ಮನಿರದೆ, ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅಥವಾ ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಲು ಕೋರಲಾಗಿದೆ. ಮೋದಿಯವರು ಹಳ್ಳಿಗಳಿಗೆ ಅಲೆದು ಹುಡುಕಿದ್ದು ಇಂತಹ ಹಿರಿಯರನ್ನೇ.