ಸಮುದ್ರವನ್ನು ಬಯಸಿದ ಅರಸನು

ಮಹಾ ಪೀಟರನು ೧೬೭೨ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದನು. ಆಗ ರಷ್ಯಾ ದೇಶವು ವಿಸ್ತಾರದಲ್ಲಿ ಹಿರಿದಾಗಿದ್ದರೂ ಯೂರೋಪಿನಲ್ಲಿ ಅದರ ಮಾತಿಗೆ ತೂಕವು ಕಡಿಮೆ. ಪಶ್ಚಿಮದೊಡನೆ ಕಡಲ ವ್ಯಾಪಾರಕ್ಕೆ ಅದಕ್ಕಿದ್ದ ರೇವು ಅರ್ಖಾಂಗೆಲ್ಸ್ಕ್ ಒಂದೇ. ಅದೂ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿತ್ತು.

ಇದನ್ನು ಮನಗಂಡ ಅರಸನು ೧೬೯೭ರಲ್ಲಿ ಹೆಸರು ಮರೆಸಿಕೊಂಡು ಹಾಲೆಂಡಿಗೆ ಹೋಗಿ, ಬಡಗಿಗಳೊಡನೆ ದುಡಿದು ಹಡಗು ಕಟ್ಟುವ ವಿದ್ಯೆಯನ್ನು ಕಲಿತನು. ೧೭೦೦ರಲ್ಲಿ ಸ್ವೀಡನ್ನರೊಡನೆ ಯುದ್ಧ ಹೂಡಿ, ಬಾಲ್ಟಿಕ್ ಸಮುದ್ರದ ಮಗ್ಗುಲ ಜೌಗುನೆಲದಲ್ಲಿ ೧೭೦೩ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ಅಸ್ತಿಭಾರ ಹಾಕಿಸಿದನು. ೧೭೨೧ರ ಸಂಧಿಯಿಂದ ಆ ತೀರವು ಅವನದಾಯಿತು. ನೌಕಾಬಲವನ್ನು ಪಡೆದ ರಷ್ಯಾವನ್ನು ಯೂರೋಪಿನ ಅರಸರು ಅಂದಿನಿಂದ ಅಲಕ್ಷಿಸಲಾರದೆ ಹೋದರು.

ಆದರೆ ಆ ನಗರವನ್ನು ಕಟ್ಟಲು ಬಲಾತ್ಕಾರದಿಂದ ತಂದ ರೈತರಲ್ಲಿ ಸಹಸ್ರಾರು ಮಂದಿ ಮಡಿದರು. ೧೭೨೫ರಲ್ಲಿ ತೀರಿಕೊಂಡ ಈ ಅರಸನ ಕೀರ್ತಿಯನ್ನು ಓದುವಾಗ, ಹೆಸರುಳಿಯದ ಆ ಬಡವರನ್ನೂ ನಾವು ಸ್ಮರಿಸತಕ್ಕದ್ದು.