ಮೆಣಸಿನ ರಾಣಿ ಸೋತಿದ್ದು ಕಡಲಿನವರಿಗಲ್ಲ, ಘಟ್ಟದ ಮೇಲಿನವರಿಗೆ

ಹೊನ್ನಾವರ: ರಜೆ ಬಂತೆಂದರೆ ಜೋಗಕ್ಕೆ ಹೊರಟ ಕಾರು, ಟೆಂಪೋಗಳ ಸಾಲು ಗೇರುಸೊಪ್ಪ ದಾಟಿ ಘಟ್ಟ ಹತ್ತುತ್ತದೆ. ಚಹಾ ಕುಡಿದು ಹಾಗೇ ಮುಂದೆ ಹೋಗುವವರೇ ಜಾಸ್ತಿ. ಶರಾವತಿಯ ಆಚೆ ದಡದ ಕಾಡಿನಲ್ಲಿ ಒಂದು ಹಳೇ ರಾಜಧಾನಿ ಇದೆ ಅನ್ನೋದು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಅದು ರಾಣಿ ಚೆನ್ನಭೈರಾದೇವಿಯ ಊರು.

ಸಾಳುವ ಮನೆತನದ ಈ ಜೈನ ರಾಣಿ 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದಳು ಅಂತ ಇತಿಹಾಸಕಾರರ ಲೆಕ್ಕ. ಗೇರುಸೊಪ್ಪಕ್ಕೆ ಆಗ ನಗಿರೆ ಅಂತಲೂ ಹೆಸರು. ಹಾಡುವಳ್ಳಿ, ಭಟ್ಕಳ, ಹೊನ್ನಾವರ ಎಲ್ಲ ಆಕೆಯ ಸೀಮೆಯೇ.

ಆಕೆಯ ಬಲ ಇದ್ದದ್ದು ಕಾಳುಮೆಣಸಿನಲ್ಲಿ. ಘಟ್ಟದ ಮಾಲು ಎತ್ತಿನ ಮೇಲೆ ಹೇರಿಕೊಂಡು ಇಳಿಯುತ್ತಿತ್ತು. ಹೊನ್ನಾವರದ ಅಳಿವೆಯಿಂದ ಹೊರಟ ದೋಣಿ ಹೊಳೆಯಲ್ಲೇ ಗೇರುಸೊಪ್ಪವರೆಗೆ ಬರಬಹುದಿತ್ತು, ಅಲ್ಲಿಂದ ಮುಂದೆ ಘಟ್ಟವೇ. ದೋಣಿಯೂ ಎತ್ತೂ ಸೇರುವ ಜಾಗ ಯಾರ ಕೈಲಿದೆಯೋ ತಕ್ಕಡಿಯೂ ಅವರ ಕೈಲೇ. ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೋವಾದಲ್ಲಿ ಕೂತ ಪೋರ್ಚುಗೀಸರಿಗೂ ಮೆಣಸು ಬೇಕಿತ್ತು, ಆದರೆ ತಾವು ಹೇಳಿದ ರೇಟಿಗೇ ಬೇಕಿತ್ತು. ಆಕೆಗೆ ಮೆಣಸಿನ ರಾಣಿ ಅಂತ ಹೆಸರಿಟ್ಟವರೂ ಅವರೇ. ಒಂದು ವರ್ಷ ವ್ಯಾಪಾರ, ಇನ್ನೊಂದು ವರ್ಷ ಜಗಳ, ಹೀಗೇ ನಡೆದಿತ್ತು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಕರಾವಳಿಯ ಸಣ್ಣ ಅರಸರಿಗೆ ಬೆನ್ನಿಗೆ ಯಾರೂ ಇಲ್ಲದಂತಾಯಿತು. 1569ರಲ್ಲಿ ಗೋವಾದ ವೈಸ್‌ರಾಯ್ ಲೂಯಿಸ್ ದ ಅತೈದೆ ಹಡಗುಪಡೆ ತಂದು ಹೊನ್ನಾವರದ ಕೋಟೆಯನ್ನೇ ಹಿಡಿದ. ಮರುವರ್ಷ ಬಿಜಾಪುರದ ಆದಿಲ್‌ಶಾಹಿ ಮತ್ತಿತರ ರಾಜ್ಯಗಳು ಪೋರ್ಚುಗೀಸರ ವಿರುದ್ಧ ಒಟ್ಟಾದಾಗ ಈಕೆಯೂ ಸೇರಿದಳು, ಹೊನ್ನಾವರಕ್ಕೆ ಮುತ್ತಿಗೆ ಹಾಕಿಸಿದಳು. ಕೋಟೆ ವಾಪಸ್ ಸಿಗಲಿಲ್ಲ.

ಬಂದರಿನ ಕೋಟೆ ಹೋದರೂ ರಾಜ್ಯ ಹೋಗಲಿಲ್ಲ. ಅದಾದ ಮೇಲೂ ಮೂವತ್ತೈದು ವರ್ಷದಷ್ಟು ಆಕೆ ಗೇರುಸೊಪ್ಪದಲ್ಲೇ ಗಟ್ಟಿಯಾಗಿ ಕೂತಿದ್ದಳು. ಹೊಳೆ ಹತ್ತಿ ಬಂದು ಅವಳನ್ನು ಎಬ್ಬಿಸಲು ಪೋರ್ಚುಗೀಸರಿಗೆ ಆಗಲಿಲ್ಲ.

ಎಬ್ಬಿಸಿದವನು ಕೆಳದಿಯ ವೆಂಕಟಪ್ಪ ನಾಯಕ. ಇವತ್ತಿನ ಸಾಗರ ತಾಲೂಕಿನ ಕಡೆಯಿಂದ ಘಟ್ಟ ಇಳಿದು ಬಂದು ರಾಜಧಾನಿ ಹಾಳು ಮಾಡಿ, ಮುದುಕಿಯಾಗಿದ್ದ ರಾಣಿಯನ್ನು ಇಕ್ಕೇರಿಗೆ ಒಯ್ದ. ಸೆರೆಯಲ್ಲೇ ಆಕೆಯ ಜೀವ ಹೋಯಿತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇದೇ ಹೊಳೆಯಲ್ಲಿ ಗೇರುಸೊಪ್ಪಕ್ಕೆ ಬಂದ. ಹೊಳೆಯ ಚೆಲುವನ್ನು ಬಾಯ್ತುಂಬ ಹೊಗಳಿದ. ಆದರೆ ಊರೂ ಅರಮನೆಯೂ ಪಾಳು, ಎಲ್ಲೆಲ್ಲೂ ಮರ ಬೆಳೆದಿತ್ತು ಅಂತ ಬರೆದಿಟ್ಟ. ಜೊತೆಗೆ ಒಂದು ಕಥೆಯನ್ನೂ ಬರೆದ: ರಾಣಿ ಯಾರೋ ಕೀಳು ಮನುಷ್ಯನನ್ನು ಮೆಚ್ಚಿ ರಾಜ್ಯವನ್ನೇ ಅವನ ಕೈಗಿಟ್ಟಳಂತೆ, ಅವನು ತಿರುಗಿಬಿದ್ದಾಗ ರಾಣಿ ಪೋರ್ಚುಗೀಸರ ಸಹಾಯ ಕೇಳಿದಳಂತೆ, ಅವನು ವೆಂಕಟಪ್ಪನ ಸಹಾಯ ಕೇಳಿದನಂತೆ, ಹಾಗೆ ಬಂದ ವೆಂಕಟಪ್ಪನೇ ಎಲ್ಲ ನುಂಗಿದನಂತೆ. ಈ ಪ್ರವಾಸಿ ಹೊರಟಿದ್ದು ವೆಂಕಟಪ್ಪನ ಆಸ್ಥಾನಕ್ಕೆ, ಅದೂ ಗೋವಾದ ರಾಯಭಾರಿಯ ಜೊತೆ. ಅಂದರೆ ರಾಣಿಯ ಎರಡೂ ಎದುರಾಳಿಗಳ ನಡುವೆ ಕೂತು ಕೇಳಿದ ಕಥೆ ಇದು. ಐವತ್ತು ವರ್ಷ ಬಂದರು, ಸುಂಕ, ಸೈನ್ಯ ನೋಡಿಕೊಂಡ ಹೆಂಗಸಿನ ಬಗ್ಗೆ ಗೆದ್ದವರು ಉಳಿಸಿದ್ದು ಒಂದು ಪ್ರೇಮದ ಗುಸುಗುಸು. ಅದನ್ನು ಅಷ್ಟಕ್ಕಷ್ಟೇ ನಂಬಬೇಕು.

ಆಕೆಯ ಸೀಮೆ ನೋಡಬೇಕು ಅನ್ನುವವರಿಗೆ ಗೇರುಸೊಪ್ಪ ಹೊನ್ನಾವರದಿಂದ ಸುಮಾರು 30 ಕಿ.ಮೀ. ಹೊಳೆ ದಾಟಿ ನಗರಬಸ್ತಿಕೇರಿಗೆ ಹೋದರೆ ಕಾಡಿನ ನಡುವೆ ಕಲ್ಲಿನ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ತೀರ್ಥಂಕರನ ಮೂರ್ತಿ. ಹತ್ತಿರದಲ್ಲೇ ಜ್ವಾಲಾಮಾಲಿನಿ ಅಮ್ಮನವರ ಗುಡಿ. ಕುಮಟಾ ಕಡೆ ಹೋದರೆ ಹೆದ್ದಾರಿ ಪಕ್ಕದಲ್ಲೇ ಮಿರ್ಜಾನ ಕೋಟೆ. ಅದನ್ನೂ ಆಕೆಯೇ ಕಟ್ಟಿಸಿದ್ದು ಅನ್ನೋದು ಇಲ್ಲಿಯ ಜನರ ಮಾತು. ಅಘನಾಶಿನಿಯ ದಡದ ಕೆಂಪುಕಲ್ಲಿನ ಗೋಡೆ, ಸುತ್ತ ಕಂದಕ. ಮಳೆಗಾಲದಲ್ಲಿ ಗೋಡೆಯೆಲ್ಲ ಹಸಿರು ಪಾಚಿ, ನೋಡಲು ಚಂದ, ಕಾಲು ಮಾತ್ರ ಜಾರುತ್ತದೆ.